ಪ್ರೌಢಶಾಲೆಯಲ್ಲಿ ಸಂಗೀತ ಶಿಕ್ಷಣ: ಹೊರನಾಡ ಪಾಲಕರಿಗೊಂದು ಕೈಪಿಡಿ

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಅನೇಕ ಮನೆಗಳಲ್ಲಿ ಎಂಟನೆಯ ತರಗತಿಯವರೆಗೆ ನಡೆದ ಸಂಗೀತಾಭ್ಯಾಸವು ಒಂಬತ್ತನೆಯ ತರಗತಿಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ‘ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ’ ಎಂಬುದೇ ಸಮಾಧಾನ. ಆದರೆ ಸಂಗೀತವೇ ಪರೀಕ್ಷೆಯ ವಿಷಯವಾಗಬಲ್ಲದೆಂಬುದು ಎಷ್ಟೋ ಪಾಲಕರಿಗೆ ತಿಳಿದಿಲ್ಲ.

ಸಿ.ಬಿ.ಎಸ್.ಇ. ಮಂಡಳಿಯ ಪ್ರೌಢಶಾಲಾ ಹಂತದ ವಿಷಯಪಟ್ಟಿಯಲ್ಲಿ ಕರ್ನಾಟಕ ಹಾಗೂ ಹಿಂದೂಸ್ತಾನಿ ಸಂಗೀತಗಳೆರಡೂ ಇವೆ. ಪ್ರತಿಯೊಂದರಲ್ಲೂ ಗಾಯನ, ಸ್ವರವಾದ್ಯ, ತಾಳವಾದ್ಯ ಎಂಬ ಮೂರು ವಿಭಾಗಗಳು. 11 ಮತ್ತು 12ನೆಯ ತರಗತಿಗಳಲ್ಲಿ 100 ಅಂಕಗಳ ಪೈಕಿ 70 ಪ್ರಾಯೋಗಿಕಕ್ಕೆ, 30 ಶಾಸ್ತ್ರಭಾಗಕ್ಕೆ ಮೀಸಲು. ಪಠ್ಯ–ಪಠ್ಯೇತರ ಎಂಬ ಕಟ್ಟುನಿಟ್ಟಿನ ಭೇದ ಸಲ್ಲದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ.

ಪಟ್ಟಿಯಲ್ಲಿದ್ದ ಮಾತ್ರಕ್ಕೆ ವಿಷಯವು ಪ್ರತಿ ಶಾಲೆಯಲ್ಲೂ ದೊರೆಯದು. ಶಿಕ್ಷಕರಿರಬೇಕು, ಕೇಳುವ ಮಕ್ಕಳೂ ಇರಬೇಕು. ಆದುದರಿಂದ ಎಂಟನೆಯ ತರಗತಿ ಮುಗಿಯುವ ಮುನ್ನವೇ, ಸಾಧ್ಯವಾದರೆ ನಾಲ್ಕಾರು ಪಾಲಕರು ಒಟ್ಟಾಗಿ, ಶಾಲೆಯಲ್ಲಿ ವಿಚಾರಿಸುವುದು ಉಚಿತ.

ನಮ್ಮ ಮಕ್ಕಳಿಗೆ ಇದರಲ್ಲಿ ಮತ್ತೊಂದು ಲಾಭವಿದೆ. ಚೆನ್ನೈಯಲ್ಲಿ ಕರ್ನಾಟಕ ಸಂಗೀತ ಕಲಿಯುವ ಮಗು ಮಾಯಾಮಾಳವಗೌಳದ ಸರಳೆವರಸೆಯಿಂದ ಮಲಹರಿಯ ಪಿಳ್ಳಾರಿ ಗೀತೆಗಳಿಗೆ ಸಾಗುವುದು ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬಿರುವ ದಾರಿಯಲ್ಲಿಯೇ. ಪುಣೆ, ಮುಂಬಯಿಗಳಲ್ಲಿ ಹಿಂದೂಸ್ತಾನಿ ಕಲಿಯುವ ಮಗುವಿಗೆ, ಗದಗ ಸೀಮೆಯಲ್ಲಿ 1922ರಲ್ಲಿ ಜನಿಸಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ದಾಸವಾಣಿ, ಧಾರವಾಡದ ಮಲ್ಲಿಕಾರ್ಜುನ ಮನಸೂರರ ವಚನಗಾಯನ ಮಾದರಿಯಾಗಿವೆ. ಕನ್ನಡ ಓದಲು ಬಾರದ ಮಗುವಿನ ನಾಲಗೆಯ ಮೇಲೂ ಸ್ವರದೊಡನೆ ಕನ್ನಡ ನಿಲ್ಲುತ್ತದೆ. ಸಂಗೀತದ ಪಾಠವನ್ನು ಬಿಡಿಸುವ ಮುನ್ನ ಈ ನಂಟನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು.