ಚೆನ್ನಾಗೇ ಹಾಡ್ತಾ ಇತ್ತಲ್ಲ, ಯಾಕೆ ಮುಟ್ಟಿದೆ?

ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಕೇಳಿರುತ್ತೆ. ಅಮೆರಿಕದಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಸಂಬಳವಿಲ್ಲದ ಒಂದು ಕೆಲಸ ಖಾಯಂ: ಟಿವಿ ಮಾತಾಡದಿದ್ದರೆ, ಪ್ರಿಂಟರ್ ಮುನಿಸಿಕೊಂಡರೆ, ನಮ್ಮನ್ನೇ ಕರೀತಾರೆ. ಸರಿಹೋದರೆ ಯಾರೂ ಏನೂ ಹೇಳಲ್ಲ. ಕೆಟ್ಟರೆ ಮಾತ್ರ ಈ ಪ್ರಶ್ನೆ.

ಐಸೆಲಿನ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅಪ್ಪನ ಹೋಮ್ ಥಿಯೇಟರ್ ರಿಸೀವರ್ ಇದೆ. ಅದಕ್ಕೆ ಟಿವಿಯೂ ಸೇರಿದೆ, ಊರಿಂದ ತಂದ ಕ್ಯಾಸೆಟ್ಟುಗಳಿಗೋಸ್ಕರ ಇಟ್ಟುಕೊಂಡ ಹಳೇ ಡೆಕ್ಕೂ ಸೇರಿದೆ. ಒಂದು ಶನಿವಾರ ಪರದೆಯ ಮೇಲೆ 'ಹೊಸ ಅಪ್‌ಡೇಟ್ ಲಭ್ಯ' ಅಂತ ಬಂತು. ನಾನು 'ಸರಿ' ಒತ್ತಿದೆ. ಹಾಡು ನಿಂತಿತು. ಅಂಕಿ ಸ್ವಲ್ಪ ದೂರ ಏರಿ ಅಲ್ಲೇ ಕೂತುಬಿಟ್ಟಿತು. ಅರ್ಧ ಗಂಟೆಯಾದರೂ ಅಲುಗಾಡಲಿಲ್ಲ. ಆಗ ಅಪ್ಪ ಮೆಟ್ಟಿಲ ಮೇಲಿಂದ ಕೇಳಿದ ಪ್ರಶ್ನೆಯೇ ಈ ಬರಹದ ಶೀರ್ಷಿಕೆ. ಕಳೆದ ಕಂತಿನಲ್ಲಿ ಇದರ ಬಗ್ಗೆ ಎರಡು ಮಾತು ಆಡಿದ್ದೆ. ಆ ಪ್ರಶ್ನೆಗೆ ಒಂದು ದೊಡ್ಡ ಚರಿತ್ರೆಯೇ ಇದೆ. ಅದನ್ನ ಇಲ್ಲಿ ಬರೀತಿದ್ದೀನಿ.

ಪಕ್ಕದ ಊರಿನ ಹಳೇ ಯಂತ್ರ

ನೀವು ದೋಸೆ ತಿನ್ನೋಕೆ ಓಕ್ ಟ್ರೀ ರೋಡಿಗೆ ಬಂದಿದ್ದರೆ, ಇಲ್ಲಿಂದ ಕಾರಿನಲ್ಲಿ ಕೆಲವೇ ನಿಮಿಷಗಳ ದೂರದಲ್ಲಿ ಮೆನ್ಲೋ ಪಾರ್ಕ್ ಇದೆ. ಥಾಮಸ್ ಎಡಿಸನ್ 1876ರಲ್ಲಿ ಪ್ರಯೋಗಾಲಯ ಕಟ್ಟಿದ್ದು ಅಲ್ಲೇ. ಆಗ ಅದು ರಾರಿಟನ್ ಟೌನ್‌ಶಿಪ್. 1954ರಲ್ಲಿ ಜನ ಅದರ ಹೆಸರನ್ನೇ ಎಡಿಸನ್ ಅಂತ ಬದಲಾಯಿಸಿಕೊಂಡರು.

1877ರಲ್ಲಿ ಎಡಿಸನ್ ಅಲ್ಲಿ ಫೋನೋಗ್ರಾಫ್ ಮಾಡಿದ. ತವರದ ತೆಳು ಹಾಳೆಯ ಮೇಲೆ ಸೂಜಿಯಿಂದ ದನಿಯನ್ನು ಕೊರೆದು, ಅದನ್ನೇ ಮತ್ತೆ ಕೇಳಿಸುವ ಯಂತ್ರ. ಕೆಲವು ಸಲ ಕೇಳಿದರೆ ಹಾಳೆ ಸವೆದುಹೋಗುತ್ತಿತ್ತು. ಆದರೆ ಒಂದು ಗುಣ ಗಮನಿಸಿ: ಆ ಯಂತ್ರದಲ್ಲಿ ಏನೇನಿತ್ತೋ ಅದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಕೆಟ್ಟರೆ ಯಾವ ಭಾಗ ಕೆಟ್ಟಿದೆ ಅಂತ ಬೆರಳಿಟ್ಟು ತೋರಿಸಬಹುದಿತ್ತು.

ಗ್ರಾಹಕ

ಈಗ ಮೈಸೂರಿಗೆ ಬನ್ನಿ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೊ ಕೇಂದ್ರ ಶುರುಮಾಡಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು.

ಪ್ರಸಾರ ಮಾಡುವ ಯಂತ್ರಕ್ಕೆ ಕನ್ನಡದ ಪಠ್ಯಪುಸ್ತಕಗಳಲ್ಲಿ 'ಪ್ರೇಷಕ' ಅಂತಾರೆ. ರಿಸೀವರಿಗೆ 'ಗ್ರಾಹಕ', ಅಂದರೆ ತೆಗೆದುಕೊಳ್ಳುವವನು. ಅಂಗಡಿಗೆ ಬರುವ ಗಿರಾಕಿಗೂ ಕನ್ನಡದಲ್ಲಿ 'ಗ್ರಾಹಕ' ಅಂತಲೇ ಹೆಸರು. ಈ ಎರಡು ಅರ್ಥ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆ ಕಾಲದ ರೇಡಿಯೊ ಹತ್ತಾರು ವರ್ಷ ಬಾಳುತ್ತಿತ್ತು. ಕಾರಣ ಬರೀ ಗಟ್ಟಿ ಮರದ ಪೆಟ್ಟಿಗೆ ಅಲ್ಲ. ಮೀಡಿಯಂ ವೇವ್ ಪ್ರಸಾರದ ಪದ್ಧತಿಯೇ ಬದಲಾಗಲಿಲ್ಲ. ವಾಲ್ವ್ ಸುಟ್ಟರೆ ರಿಪೇರಿ ಅಂಗಡಿಯವನು ಬೇರೆ ವಾಲ್ವ್ ಹಾಕುತ್ತಿದ್ದ. ರೇಡಿಯೊ ಮಾಡಿದ ಕಂಪನಿ ಬದುಕಿದೆಯೋ ಮುಚ್ಚಿದೆಯೋ, ಕೇಳುವವನಿಗೆ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ.

ಗಟ್ಟಿ, ಮೆತ್ತಗೆ, ಹದ

'ಫರ್ಮ್‌ವೇರ್' ಎಂಬ ಪದವನ್ನು 1967ರಲ್ಲಿ ಆಶರ್ ಓಪ್ಲರ್ ಎಂಬಾತ 'ಡೇಟಾಮೇಶನ್' ಪತ್ರಿಕೆಯ ಲೇಖನದಲ್ಲಿ ಬಳಸಿದ. ಹಾರ್ಡ್ ಅಂದರೆ ಗಟ್ಟಿ, ಸಾಫ್ಟ್ ಅಂದರೆ ಮೆತ್ತಗೆ, ಫರ್ಮ್ ಅಂದರೆ ಇವೆರಡರ ನಡುವೆ. ಅಮ್ಮ ಒಬ್ಬಟ್ಟಿಗೆ ಕಲಸುವ ಕಣಕ ನೋಡಿದ್ದೀರಲ್ಲ? ಕೈಯಲ್ಲಿ ನಿಲ್ಲಬೇಕು, ಆದರೆ ಒತ್ತಿದರೆ ರೂಪ ಬದಲಾಗಬೇಕು. ಫರ್ಮ್‌ವೇರ್ ಹದವೂ ಅಂಥದ್ದೇ.

ಮೊದಲು ಈ ಕಣಕ ತುಂಬಾ ಗಟ್ಟಿಯಾಗಿತ್ತು. 1971ರಲ್ಲಿ ಇಂಟೆಲ್‌ನ ಡೋವ್ ಫ್ರೋಮನ್ ಅಳಿಸಿ ಬರೆಯಬಹುದಾದ ಈಪ್ರಾಮ್ ಚಿಪ್ ತಂದ. ಅದರ ಬೆನ್ನ ಮೇಲೊಂದು ಪುಟ್ಟ ಗಾಜಿನ ಕಿಟಕಿ. ಅಳಿಸಬೇಕಾದರೆ ಚಿಪ್ಪನ್ನು ಬಿಚ್ಚಿ, ಆ ಕಿಟಕಿಯನ್ನು ಅತಿನೇರಳೆ ಬೆಳಕಿಗೆ ಹಿಡಿಯಬೇಕಿತ್ತು. 1984ರಲ್ಲಿ ತೋಷಿಬಾದ ಫುಜಿಯೋ ಮಸುಓಕಾ ಫ್ಲ್ಯಾಶ್ ಮೆಮೊರಿಯನ್ನು ಜಗತ್ತಿನ ಮುಂದಿಟ್ಟ. ಕ್ಯಾಮೆರಾದ ಫ್ಲ್ಯಾಶಿನಂತೆ ಒಂದೇ ಏಟಿಗೆ ಅಳಿಸುತ್ತೆ ಅಂತ ಆ ಹೆಸರು. ಚಿಪ್ ಬಿಚ್ಚುವ ಕೆಲಸ ತಪ್ಪಿತು. ಇದಕ್ಕೆ ಇಂಟರ್ನೆಟ್ ಸೇರಿದ ಮೇಲೆ, ನಿಮ್ಮ ಬೇಸ್‌ಮೆಂಟಿನ ಪೆಟ್ಟಿಗೆಯನ್ನು ಕಂಪನಿ ತನ್ನ ಊರಲ್ಲಿ ಕೂತೇ ಹೊಸದಾಗಿ ಬರೆಯುವಂತಾಯಿತು.

ಬರೆಯುವ ಅಗತ್ಯವೂ ಇತ್ತು. ಎಚ್‌ಡಿಎಂಐ 2002ರಲ್ಲಿ ಹುಟ್ಟಿತು. 2009ರಲ್ಲಿ 1.4, 2013ರಲ್ಲಿ 2.0, 2017ರಲ್ಲಿ 2.1. ರೇಡಿಯೊ ಪದ್ಧತಿ ನಿಂತಲ್ಲೇ ನಿಂತಿತ್ತು, ಇದು ಓಡುತ್ತಲೇ ಇದೆ. ಓಟದಿಂದ ಲಾಭವೂ ಆಯಿತು: 2014ರಲ್ಲಿ ಆಂಕ್ಯೋ ಕಂಪನಿ ಆಗಲೇ ಮಾರಿದ್ದ ಕೆಲವು ಮಾದರಿಗಳಿಗೆ ಬರೀ ಅಪ್‌ಡೇಟ್ ಮೂಲಕ ಡಾಲ್ಬಿ ಅಟ್ಮಾಸ್ ಕೊಟ್ಟಿತು. ಕೊಂಡ ಮೇಲೆ ವಸ್ತು ಇನ್ನಷ್ಟು ಒಳ್ಳೆಯದಾಗುವುದು ಅಜ್ಜನ ರೇಡಿಯೊಗೆ ಸಾಧ್ಯವಿರಲಿಲ್ಲ.

ಅಂಕಿ ನಿಂತಾಗ ಒಳಗೆ ಏನಾಗ್ತಿರುತ್ತೆ?

ಅಪ್‌ಡೇಟ್‌ನಲ್ಲಿ ಎರಡು ಘಟ್ಟ. ಮೊದಲನೆಯದು ಇಳಿಸಿಕೊಳ್ಳುವುದು. ರಿಸೀವರ್ ಕಂಪನಿಯ ಸರ್ವರನ್ನು ಕೇಳಿ ಕಡತ ತರಿಸಿಕೊಳ್ಳುತ್ತೆ. ಸಾಮಾನ್ಯವಾಗಿ ಇಲ್ಲಿ ಸಂಪರ್ಕ ಕಡಿದರೂ ಅಪಾಯವಿಲ್ಲ, ಹಳೆಯದು ಹಾಗೇ ಇರುತ್ತೆ. ಎರಡನೆಯದು ಬರೆಯುವುದು. ಹಳೆಯದನ್ನು ಅಳಿಸಿ ಆ ಜಾಗದಲ್ಲಿ ಹೊಸದನ್ನು ಬರೆಯುತ್ತೆ. ಒಳಗೆ ಮುಖ್ಯ ಪ್ರೊಸೆಸರ್, ಧ್ವನಿಯ ಚಿಪ್, ನೆಟ್‌ವರ್ಕ್ ಭಾಗ ಅಂತ ಹಲವು ಇರುವುದರಿಂದ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಈ ಘಟ್ಟದಲ್ಲಿ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅದಕ್ಕೇ ಗುಡುಗು ಮಳೆಯ ದಿನ ಅಪ್‌ಡೇಟ್ ಬೇಡ. ಬೆಂಗಳೂರಿನ ಅಜ್ಜಿ ಮನೆಯಲ್ಲಾದರೆ ಯುಪಿಎಸ್ ಇಲ್ಲದೆ ಬೇಡವೇ ಬೇಡ.

ಹಾಗಾದರೆ ಅಂಕಿ ನಿಂತರೆ ಏನ್ ಮಾಡ್ಬೇಕು? ಮೊದಲನೇ ಕೆಲಸ, ಏನೂ ಮಾಡದಿರುವುದು. ನಾನು ಪ್ಲಗ್ ಮೇಲೆ ಕೈಯಿಟ್ಟಿದ್ದೆ, ಕೀಳಲಿಲ್ಲ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ 'ಅಪ್‌ಡೇಟ್ ವಿಫಲ' ಅಂತ ಬಂತು, ಹಾಡೂ ಬಂತು. ಅಂದರೆ ಅದು ಸಿಕ್ಕಿಕೊಂಡಿದ್ದು ಮೊದಲ ಘಟ್ಟದಲ್ಲಿ. ತಪ್ಪು ರಿಸೀವರಿನದಲ್ಲ, ನನ್ನದು. ಆ ವಾರವಷ್ಟೇ ನಾನು ಮನೆಗೆ ಹೊಸ ರೌಟರ್ ಹಾಕಿದ್ದೆ. ಅಪ್ಪನ ರಿಸೀವರಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ಹೊಸ ರೌಟರ್ ಅದನ್ನೂ 5 ಗಿಗಾಹರ್ಟ್ಸನ್ನೂ ಒಂದೇ ಹೆಸರಿನಲ್ಲಿ ಬೆರೆಸಿಟ್ಟಿತ್ತು. ರಿಸೀವರನ್ನು ಆಫ್ ಮಾಡಿ, ಪ್ಲಗ್ ತೆಗೆದು ಐದು ನಿಮಿಷ ಬಿಟ್ಟೆ. ಉದ್ದದ ಈಥರ್ನೆಟ್ ಕೇಬಲ್ಲನ್ನು ಮೆಟ್ಟಿಲ ಮೇಲಿಂದ ಇಳಿಸಿ ಜೋಡಿಸಿದೆ. ಅಪ್‌ಡೇಟ್ ಮುಗಿಯಿತು.

ಕೇಬಲ್ ಹಾಕಿದರೂ ಆಗದಿದ್ದರೆ ಯುಎಸ್‌ಬಿ ದಾರಿ ನೋಡಿ. ಕಂಪನಿಯ ತಾಣದಿಂದ ಕಡತ ಇಳಿಸಿ, ಅದರ ಸೂಚನೆಯಂತೆ, ಹೆಚ್ಚಾಗಿ ಫ್ಯಾಟ್32 ಮಾಡಿದ ಪೆನ್‌ಡ್ರೈವಿಗೆ ಹಾಕಿ. ಕಡತದ ಹೆಸರು ಬದಲಾಯಿಸಬೇಡಿ. ಮಾದರಿಯ ಸಂಖ್ಯೆಯ ಜೊತೆಗೆ ದೇಶವನ್ನೂ ನೋಡಿ. ಅಮೆರಿಕದ 120 ವೋಲ್ಟಿನ ಮಾದರಿಗೂ ಭಾರತದ 230 ವೋಲ್ಟಿನ ಮಾದರಿಗೂ ಕಡತ ಬೇರೆ ಇರಬಹುದು. ಫ್ಯಾಕ್ಟರಿ ರೀಸೆಟ್ ಕೊನೆಯ ಅಸ್ತ್ರ. ಅದಕ್ಕೆ ಮುಂಚೆ ಸ್ಪೀಕರ್ ಸೆಟ್ಟಿಂಗುಗಳನ್ನು ಫೋನಿನಲ್ಲಿ ಫೋಟೊ ಹೊಡ್ಕೊಳ್ಳಿ.

ಯಾರ ಪೆಟ್ಟಿಗೆ?

ಕೆಲವೊಮ್ಮೆ ನೀವು ಏನೂ ಮುಟ್ಟದಿದ್ದರೂ ಕೆಡುತ್ತೆ. 2020ರ ಜೂನ್‌ನಲ್ಲಿ ಸ್ಯಾಮ್‌ಸಂಗ್‌ನ ಹಲವು ಬ್ಲೂ-ರೇ ಪ್ಲೇಯರುಗಳು, ಹೋಮ್ ಥಿಯೇಟರುಗಳು ಇದ್ದಕ್ಕಿದ್ದಂತೆ ಆನ್ ಆಗಿ ಆಫ್ ಆಗಿ ಸುತ್ತತೊಡಗಿದವು. ಅವು ಇಂಟರ್ನೆಟ್ಟಿನಿಂದ ತಾವಾಗಿಯೇ ಇಳಿಸಿಕೊಂಡ ಒಂದು ಚಿಕ್ಕ ಕಡತವೇ ಕಾರಣ ಅಂತ ತಂತ್ರಜ್ಞರು ವಿಶ್ಲೇಷಿಸಿದರು. ಜನ ಯಂತ್ರಗಳನ್ನು ಪಾರ್ಸೆಲ್ ಮಾಡಿ ರಿಪೇರಿಗೆ ಕಳಿಸಬೇಕಾಯಿತು. ಅದೇ ವರ್ಷದ ಕೊನೆಗೆ ಕೆಲವು ಹೊಸ ರಿಸೀವರುಗಳ ಎಚ್‌ಡಿಎಂಐ 2.1 ಚಿಪ್ಪಿನಲ್ಲೇ ದೋಷ ಕಂಡಿತು. ಅದನ್ನು ಅಪ್‌ಡೇಟ್ ಸರಿಮಾಡಲಿಲ್ಲ. ಯಮಾಹಾ ಬೋರ್ಡನ್ನೇ ಬದಲಾಯಿಸಿಕೊಡಬೇಕಾಯಿತು. ಅಟ್ಮಾಸ್ ಕೊಟ್ಟ ಆಂಕ್ಯೋದ ಜಪಾನಿನ ಮೂಲ ಕಂಪನಿ 1946ರಲ್ಲಿ ಹುಟ್ಟಿದ್ದು. 2022ರಲ್ಲಿ ಅದು ದಿವಾಳಿಯಾಯಿತು. ಹೆಸರು ಉಳಿದಿದೆ, ಒಡೆತನ ಬೇರೆಯವರದು.

ಈಗ 'ಗ್ರಾಹಕ' ಪದಕ್ಕೆ ವಾಪಸ್ ಬನ್ನಿ. ಮೊದಲು ಅಂಗಡಿಯಲ್ಲಿ ನೀವು ಗ್ರಾಹಕ, ಮನೆಯಲ್ಲಿ ರೇಡಿಯೊ ಗ್ರಾಹಕ. ದುಡ್ಡು ಕೊಟ್ಟ ಕ್ಷಣ ಅಂಗಡಿಯ ಋಣ ಮುಗಿಯುತ್ತಿತ್ತು. ಈಗ ನಿಮ್ಮ ಪೆಟ್ಟಿಗೆಯೇ ಕಂಪನಿಯ ಬಾಗಿಲಲ್ಲಿ ದಿನಾ ನಿಲ್ಲುವ ಗ್ರಾಹಕ. ಬಾಗಿಲು ಮುಚ್ಚಿದ ದಿನ ಅದರ ಗತಿ ಏನು? ಅದಕ್ಕೇ ಒಂದು ಮಾತು: ನಿಮ್ಮ ಮಾದರಿಯ ಕೊನೆಯ ಫರ್ಮ್‌ವೇರ್ ಕಡತ ಸಿಗುವಾಗಲೇ ಇಳಿಸಿ, ಮನೆಯ ಕಾಗದಪತ್ರಗಳ ಜೊತೆ ಒಂದು ಪೆನ್‌ಡ್ರೈವಿನಲ್ಲಿ ಎತ್ತಿಡಿ.

ಅಂದು ಅಪ್‌ಡೇಟ್ ಮುಗಿದ ಮೇಲೆ ಅಪ್ಪ ಕೆಳಗೆ ಬಂದರು. ಅರ್ಧಕ್ಕೆ ನಿಂತಿದ್ದ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ಸ್ವಲ್ಪ ಹೊತ್ತು ಕೇಳಿ, "ಏನು ಬದಲಾಯ್ತು?" ಅಂದರು. ನಾನು ಕಂಪನಿಯ ಟಿಪ್ಪಣಿ ತೆಗೆದು ನೋಡಿದೆ. 'ಸ್ಥಿರತೆಯಲ್ಲಿ ಸುಧಾರಣೆ' ಅಂತ ಇತ್ತು, ಅಷ್ಟೇ.

ಈಗ ಆ ಸಂದೇಶ ಬಂದರೆ ಮೊದಲು ಟಿಪ್ಪಣಿ ಓದ್ತೀನಿ. ಆಮೇಲೆ ಅಪ್ಪನನ್ನ ಕೇಳ್ತೀನಿ. ಹೆಚ್ಚಿನ ಸಲ ಅವರು ಬೇಡ ಅಂತಾರೆ.