ಮಕ್ಕಳಲ್ಲಿ ಬಿಡದ ಹೊಟ್ಟೆನೋವು: ಸೀಲಿಯಾಕ್ ಪತ್ತೆ ಹೇಗೆ?

ಕೊಯಮತ್ತೂರು: ಮಗು ತಿಂಗಳುಗಟ್ಟಲೆ ಹೊಟ್ಟೆನೋವು ಎನ್ನುತ್ತಿದ್ದರೆ ಮನೆಯವರಿಗೆ ಮೊದಲು ನೆನಪಾಗುವುದು ಜಂತುಹುಳು, ಇಲ್ಲವೇ ಶಾಲೆ ತಪ್ಪಿಸುವ ನೆಪ. ಹೆಚ್ಚಿನ ಮಕ್ಕಳಲ್ಲಿ ಗಂಭೀರ ಕಾರಣ ಇರುವುದಿಲ್ಲ ಎಂಬುದು ನಿಜ. ಆದರೆ ಕೆಲವರಲ್ಲಿ ಈ ನೋವಿನ ಹಿಂದೆ ಸೀಲಿಯಾಕ್ ಕಾಯಿಲೆ ಇರಬಹುದು.

ಏನಿದು ಸೀಲಿಯಾಕ್?

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೊಟೀನು ಇರುತ್ತದೆ. ಈ ಕಾಯಿಲೆ ಇರುವವರಲ್ಲಿ ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ತಿಂದ ಆಹಾರದ ಸಾರ ರಕ್ತಕ್ಕೆ ಸೇರುವುದಿಲ್ಲ. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು 1940ರ ದಶಕದಲ್ಲಿ ತೋರಿಸಿಕೊಟ್ಟವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ.

ದಕ್ಷಿಣದಲ್ಲಿ ಇಲ್ಲವೇ?

2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೇಶದ ಮೂರು ಭಾಗಗಳ 23,331 ವಯಸ್ಕರನ್ನು ಪರೀಕ್ಷಿಸಲಾಗಿತ್ತು. ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10 ಮಂದಿಯ ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯಗಳು ಕಂಡುಬಂದವು. ಆದರೆ ಕಾಯಿಲೆಗೆ ದಾರಿಮಾಡುವ ಜೀನ್‌ಗಳು ದಕ್ಷಿಣದವರಲ್ಲೂ ಹೆಚ್ಚುಕಡಿಮೆ ಉತ್ತರದವರಷ್ಟೇ ಇದ್ದವು. ಗೋಧಿ ಬಳಕೆ ಮಾತ್ರ ಇಲ್ಲಿ ತೀರಾ ಕಡಿಮೆ ಇತ್ತು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗೆ ಈ ಮಾತು ಮುಖ್ಯ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಉತ್ತರ ಭಾರತದಿಂದ ಬಂದು ನೆಲೆಸಿದ ಕುಟುಂಬಗಳು ಸಾಕಷ್ಟಿವೆ. ಅನ್ನ, ರಾಗಿ ಉಣ್ಣುತ್ತಿದ್ದ ಇಲ್ಲಿನ ಮನೆಗಳಲ್ಲೂ ಪರೋಟ, ಬಿಸ್ಕತ್ತು, ನೂಡಲ್ಸ್ ದಿನನಿತ್ಯದ ತಿನಿಸಾಗಿವೆ. 2023ರಲ್ಲಿ ರಾಜ್ಯದಾದ್ಯಂತ ವಿಸ್ತರಣೆಯಾದ ಶಾಲಾ ಉಪಾಹಾರ ಯೋಜನೆಯಲ್ಲೂ ರವೆ ಉಪ್ಪಿಟ್ಟು, ಶಾವಿಗೆ ಉಪ್ಪಿಟ್ಟು ಸೇರಿದ್ದವು. ಆದ್ದರಿಂದ 'ಇದು ನಮ್ಮ ಕಡೆಯ ಕಾಯಿಲೆ ಅಲ್ಲ' ಎಂದು ತಳ್ಳಿಹಾಕುವಂತಿಲ್ಲ.

ಯಾವಾಗ ಪರೀಕ್ಷೆ ಬೇಕು?

ಹೊಟ್ಟೆನೋವಿನ ಜೊತೆಗೆ ಇವುಗಳಲ್ಲಿ ಯಾವುದಾದರೂ ಇದ್ದರೆ ಮಕ್ಕಳ ವೈದ್ಯರ ಗಮನಕ್ಕೆ ತನ್ನಿ:

* ತೂಕ ಇಳಿಯುವುದು, ವಯಸ್ಸಿಗೆ ತಕ್ಕಂತೆ ಎತ್ತರ ಬೆಳೆಯದಿರುವುದು
* ಕಬ್ಬಿಣಾಂಶದ ಔಷಧಿ ಕೊಟ್ಟರೂ ಸರಿಹೋಗದ ರಕ್ತಹೀನತೆ
* ಬಹುದಿನಗಳ ಭೇದಿ, ಹೊಟ್ಟೆ ಉಬ್ಬರ, ಅಥವಾ ಬಿಡದ ಮಲಬದ್ಧತೆ
* ಟೈಪ್ 1 ಮಧುಮೇಹ, ಥೈರಾಯ್ಡ್ ತೊಂದರೆ, ಡೌನ್ ಸಿಂಡ್ರೋಮ್
* ಹೆತ್ತವರು ಅಥವಾ ಒಡಹುಟ್ಟಿದವರಲ್ಲಿ ಸೀಲಿಯಾಕ್ ಇರುವುದು

ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಮಲದಲ್ಲಿ ರಕ್ತ, ಬಿಡದ ಜ್ವರ ಇದ್ದರೆ ತಡಮಾಡಬಾರದು. ಹೊಟ್ಟೆಯ ಕ್ಷಯದಂಥ ಬೇರೆ ಕಾಯಿಲೆಗಳನ್ನೂ ವೈದ್ಯರು ನೋಡಬೇಕಾಗುತ್ತದೆ.

ಪತ್ತೆ ಹೇಗೆ?

ಮೊದಲ ಹಂತ ರಕ್ತಪರೀಕ್ಷೆ. ಟಿಟಿಜಿ-ಐಜಿಎ ಎಂಬ ಪ್ರತಿಕಾಯದ ಜೊತೆಗೆ ಒಟ್ಟು ಐಜಿಎ ಮಟ್ಟವನ್ನೂ ನೋಡಬೇಕು. ಕೆಲವು ಮಕ್ಕಳಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆ ಇದ್ದು, ಕಾಯಿಲೆ ಇದ್ದರೂ ಫಲಿತಾಂಶ 'ಇಲ್ಲ' ಎಂದು ಬರಬಹುದು.

ಪ್ರತಿಕಾಯ ಹೆಚ್ಚಿದ್ದರೆ ಮಕ್ಕಳ ಜಠರ-ಕರುಳು ತಜ್ಞರು ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ಆರಂಭದ ಭಾಗದಿಂದ ಕೆಲವು ಚೂರುಗಳನ್ನು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಟಿಟಿಜಿ ಮಟ್ಟ ಸಾಮಾನ್ಯ ಮಿತಿಯ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚಿದ್ದು, ಎರಡನೇ ಸಲ ತೆಗೆದ ರಕ್ತದಲ್ಲಿ ಇಎಂಎ ಪರೀಕ್ಷೆಯೂ ಪಾಸಿಟಿವ್ ಬಂದರೆ ಬಯಾಪ್ಸಿ ಇಲ್ಲದೆಯೂ ಕಾಯಿಲೆ ಖಚಿತಪಡಿಸಬಹುದು ಎನ್ನುತ್ತದೆ ಯುರೋಪಿನ ತಜ್ಞರ 2020ರ ಮಾರ್ಗಸೂಚಿ.

ಈ ತಪ್ಪು ಮಾಡಬೇಡಿ

ಸಂಶಯ ಬಂದ ಕೂಡಲೇ ಚಪಾತಿ, ಪರೋಟ ನಿಲ್ಲಿಸುವುದೇ ದೊಡ್ಡ ತಪ್ಪು. ಗೋಧಿ ಬಿಟ್ಟರೆ ಪ್ರತಿಕಾಯ ಇಳಿದು, ಕರುಳೂ ಚೇತರಿಸಿಕೊಂಡು ಪರೀಕ್ಷೆ ದಾರಿತಪ್ಪಿಸುತ್ತದೆ. ಎಲ್ಲ ಪರೀಕ್ಷೆ ಮುಗಿಯುವವರೆಗೂ ಮಗು ಎಂದಿನಂತೆ ಗೋಧಿ ತಿನ್ನುತ್ತಿರಲಿ.

ಪಥ್ಯವೇ ಔಷಧಿ

ಕಾಯಿಲೆ ಖಚಿತವಾದರೆ ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ. ಅಕ್ಕಿ, ರಾಗಿ, ಜೋಳ, ಸಜ್ಜೆ, ಬೇಳೆಕಾಳು, ಹಾಲು, ಮೊಟ್ಟೆ, ತರಕಾರಿ ತಿನ್ನಬಹುದು. ಇಡ್ಲಿ, ದೋಸೆ, ರಾಗಿ ಮುದ್ದೆಗೆ ಅಡ್ಡಿಯಿಲ್ಲ. ಮೈದಾ, ರವೆ, ಶಾವಿಗೆ, ಬ್ರೆಡ್, ಮಾಲ್ಟ್ ಪುಡಿ ಬೇಡ. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುವುದುಂಟು, ಪೊಟ್ಟಣದ ಮೇಲಿನ ವಿವರ ಓದಿ ಕೊಳ್ಳಿ. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಯಂತ್ರಕ್ಕೇ ರಾಗಿ ಹಾಕಿಸಬೇಡಿ.

ಶಾಲೆಯ ಶಿಕ್ಷಕರಿಗೂ ವಿಷಯ ತಿಳಿಸಿಡುವುದು ಒಳ್ಳೆಯದು. ಪಥ್ಯ ಸರಿಯಾಗಿ ನಡೆದರೆ ಮಗುವಿನ ನೋವು ಇಳಿದು, ನಿಂತಿದ್ದ ಬೆಳವಣಿಗೆ ಮತ್ತೆ ಶುರುವಾಗುತ್ತದೆ.