ಬಣ್ಣದ ದೋಷ, ನೀರಿನ ಶುದ್ಧಿ

ವಿಜ್ಞಾನದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಒಂದು ಇಸವಿಯನ್ನು ಗೊತ್ತುಮಾಡಿಕೊಂಡು ಅಲ್ಲಿಂದ ವೃತ್ತಾಂತವನ್ನು ಆರಂಭಿಸುತ್ತಾರೆ. ಬೆಳಕಿನ ನೆರವಿನಿಂದ ನೀರಿನ ಕಲ್ಮಷವನ್ನು ಒಡೆಯುವ ಟೈಟೇನಿಯಂ ಡೈಆಕ್ಸೈಡಿನ ವಿಷಯದಲ್ಲಿ ಆ ಇಸವಿ 1972. ಆ ವರ್ಷ ಜಪಾನಿನ ಫುಜಿಶಿಮ ಮತ್ತು ಹೋಂಡ ಅವರು, ಈ ವಸ್ತುವಿನ ವಿದ್ಯುದ್ಧ್ರುವದ ಮೇಲೆ ಬೆಳಕು ಬಿದ್ದಾಗ ನೀರು ವಿಭಜನೆ ಹೊಂದುವುದೆಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವೃತ್ತಾಂತದ ಮೊದಲು ಅಲ್ಲಿಲ್ಲವೆಂಬುದೇ ನಮ್ಮ ವಾದ.

ಈ ಬಿಳಿಯ ಪುಡಿಯು ಪ್ರಸಿದ್ಧಿಗೆ ಬಂದುದು ಬಣ್ಣವಾಗಿ. 1910ರ ದಶಕದಲ್ಲಿ ನಾರ್ವೆ ಮತ್ತು ಅಮೆರಿಕಗಳಲ್ಲಿ ಅದರ ಕೈಗಾರಿಕೆ ತಲೆಯೆತ್ತಿತು. ವಿಷಕರವಾದ ಸೀಸದ ಬಿಳುಪಿನ ಸ್ಥಾನವನ್ನು ಅದು ಕ್ರಮೇಣ ಆಕ್ರಮಿಸಿತು. ಆದರೆ ಬಿಸಿಲು ಬೀಳುವ ಕಡೆ ಬಳಿದ ಬಣ್ಣವು ಸೀಮೆಸುಣ್ಣದಂತೆ ಪುಡಿಯಾಗಿ ಉದುರುತ್ತಿದ್ದಿತು. ಬಣ್ಣವನ್ನು ಹಿಡಿದಿಡುವ ಎಣ್ಣೆಯನ್ನು ಬೆಳಕಿನಲ್ಲಿ ಆ ಪುಡಿಯೇ ಕೆಡಿಸುತ್ತಿದ್ದಿತು! ಗ್ಲಿಸರಿನ್ ಮೊದಲಾದವುಗಳೊಡನೆ ಬಿಸಿಲಿನಲ್ಲಿಟ್ಟರೆ ಅದು ಕಪ್ಪಾಗುವುದೆಂದು 1921ರಲ್ಲಿಯೇ ಕಾರ್ಲ್ ರೆಂಟ್ಸ್ ಬರೆದಿದ್ದನು. 1938ರಲ್ಲಿ ಲಂಡನ್ನಿನ ಗುಡೀವ್ ಮತ್ತು ಕಿಚೆನರ್ ಅವರು, ನೇರಿಳಾತೀತ ಬೆಳಕಿನಲ್ಲಿ ಈ ಪುಡಿಯು ರಂಗುದ್ರವ್ಯವನ್ನು ಬಿಳಿಚಿಸಿ ತಾನು ಮಾತ್ರ ಮಾರ್ಪಡದೆ ಉಳಿಯುವುದನ್ನು ತೋರಿಸಿದರು. ಕ್ರಿಯಾವರ್ಧಕದ ಲಕ್ಷಣವೇ ಇದಲ್ಲವೆ? ಆದರೆ ಕೈಗಾರಿಕೆಗೆ ಬೇಕಾಗಿದ್ದುದು ಈ ಗುಣದ ನಿಗ್ರಹ. ಕಣಗಳಿಗೆ ಅಲ್ಯುಮಿನ, ಸಿಲಿಕಗಳ ಹೊದಿಕೆಯನ್ನು ಹಾಕಿ ಅದನ್ನು ಅಡಗಿಸಲಾಯಿತು.

ಕಾಲ ಬದಲಾಯಿತು, ಬೇಡವಾದುದೇ ಬೇಕಾಯಿತು. ಕೆನಡಾದಲ್ಲಿ ಕೇರಿ ಮತ್ತು ಸಂಗಡಿಗರು 1976ರಲ್ಲಿ ಕ್ಲೋರಿನ್‌ಯುಕ್ತ ಬೈಫೀನೈಲುಗಳನ್ನೂ, ಅಮೆರಿಕದಲ್ಲಿ ಫ್ರಾಂಕ್ ಮತ್ತು ಬಾರ್ಡ್ 1977ರಲ್ಲಿ ಸಯನೈಡನ್ನೂ ನೀರಿನಲ್ಲಿ ಹೀಗೆ ವಿಘಟಿಸಿದರು. ಆದರೂ ಎರಡು ತೊಡಕುಗಳು ಉಳಿದವು. ಸುಮಾರು 388 ನ್ಯಾನೊಮೀಟರಿಗಿಂತ ಕಿರಿದಾದ ಅಲೆಯುದ್ದದ ಬೆಳಕೇ ಇದಕ್ಕೆ ಬೇಕು. ಬಿಸಿಲಿನಲ್ಲಿ ಅಂಥ ಪಾಲು ಅತ್ಯಲ್ಪ. ಅಲ್ಲದೆ ಪುಡಿಯ ಮೈಯನ್ನೋ ಅದರ ಆಸುಪಾಸನ್ನೋ ತಲುಪಿದ ಕಲ್ಮಷವಷ್ಟೇ ಒಡೆಯುವುದು. ನೀರಿನಲ್ಲಿ ವಿರಳವಾಗಿ ಹರಡಿರುವ ವಿಷವು ಅಲ್ಲಿಗೆ ಬರುವುದೇ ಕಷ್ಟ.

ಈ ಎರಡನೆಯ ತೊಡಕಿಗೆ ಒದಗಿದುದು ಇದ್ದಿಲು. ಅದರ ವಂಶಾವಳಿಯು ಇನ್ನೂ ಹಳೆಯದು: ದ್ರಾವಣಗಳ ಬಣ್ಣವನ್ನು ಇದ್ದಿಲು ಹೀರುವುದನ್ನು ರಷ್ಯದ ಲೋವಿಟ್ಸ್ 1785ರಲ್ಲಿಯೇ ಗಮನಿಸಿದ್ದನು. ಇದ್ದಿಲು ಕಲ್ಮಷವನ್ನು ಸೆರೆಹಿಡಿಯುವುದೇ ಹೊರತು ನಾಶಮಾಡುವುದಿಲ್ಲ. ತುಂಬಿದ ಇದ್ದಿಲೇ ಮತ್ತೊಂದು ಕಸವಾಗುವುದು. ಒಂದು ಕೂಡಿಸಬಲ್ಲುದು, ಇನ್ನೊಂದು ಒಡೆಯಬಲ್ಲುದು. 1998ರಲ್ಲಿ ಮಾತೋಸ್, ಲೈನೆ, ಹೆರ್‌ಮನ್ ಎಂಬ ಮೂವರು ಇವೆರಡನ್ನೂ ಬೆರೆಸಿ ಫೀನಾಲನ್ನು ಪರೀಕ್ಷಿಸಲು, ಬರಿಯ ಟೈಟೇನಿಯಂ ಡೈಆಕ್ಸೈಡಿಗಿಂತ ಕ್ರಿಯಾವೇಗವು ಸುಮಾರು 2.5 ಪಟ್ಟಾಯಿತು. ಇದ್ದಿಲು ಹಿಡಿದ ಫೀನಾಲು ಕಣಗಳು ತಾಗಿರುವೆಡೆಯಲ್ಲಿ ಟೈಟೇನಿಯಂ ಡೈಆಕ್ಸೈಡಿಗೆ ಸಾಗುವುದೆಂದು ಅವರ ವಿವರಣೆ. ಆದಕಾರಣ ಇದ್ದಿಲನ್ನು ಬರಿಯ 'ಆಧಾರ'ವೆಂದು ಕರೆಯುವ ರೂಢಿ ನಮಗೆ ಒಪ್ಪಿಗೆಯಿಲ್ಲ, ಅದು ಸಹಕಾರಿ.

ಹಾಗೆಂದು ಎಲ್ಲ ಇದ್ದಿಲೂ ಒಂದೇ ಅಲ್ಲ. ಅತಿಯಾಗಿ ಸೇರಿಸಿದರೆ ಅದರ ಕಪ್ಪು ಬೆಳಕಿಗೇ ಅಡ್ಡವಾಗುವುದು. ಅದನ್ನು ತಯಾರಿಸಿದ ವಿಧಾನದಿಂದಲೂ ವ್ಯತ್ಯಾಸವುಂಟು. ಕೆಲವು ಜಾತಿಯ ಇದ್ದಿಲುಗಳು ಕ್ರಿಯೆಗೆ ನೆರವಾಗುವ ಬದಲು ಅದನ್ನು ಕುಂಠಿಸಿದುದು ಆ ಮೂವರ ಮುಂದಿನ ಪ್ರಯೋಗಗಳಲ್ಲಿಯೇ ಕಂಡುಬಂದಿತು.